ಮೆಟ್ಟಿಲು ಹತ್ತಿದರು, ಗಲ್ಲಾ ಮಾತ್ರ ಆಗಲಿಲ್ಲ

ಮುಂಬೈಯ ಮಾಟುಂಗಾದಲ್ಲಿ ನಾನು ಸ್ಟ್ರೋಕ್ ಆದವರಿಗೆ ಆಕ್ಯುಪೇಷನಲ್ ಥೆರಪಿ, ಅಂದ್ರೆ ದಿನದ ಕೆಲಸಗಳನ್ನು ಮತ್ತೆ ರೂಢಿ ಮಾಡಿಸುವ ಚಿಕಿತ್ಸೆ, ಮಾಡಿಸುತ್ತೇನೆ. ಎರಡು ವರ್ಷದ ಹಿಂದೆ ಉಡುಪಿ ಕಡೆಯವರೊಬ್ಬರು ಬಂದರು, ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತವರು. ಕಿರುಮೆದುಳಿನ ಬಲಗಡೆ, ಹಿಂಭಾಗದಲ್ಲಿ ಸ್ಟ್ರೋಕ್. ಆರನೇ ವಾರಕ್ಕೆ ಸಲೀಸಾಗಿ ಮೆಟ್ಟಿಲು ಹತ್ತಿದರು. ಕಿರುಮೆದುಳು ಅಂದ್ರೆ ಬ್ಯಾಲೆನ್ಸ್ ಅಂತ ಕಾಲೇಜಿನಿಂದ ತಲೆಯಲ್ಲಿ ಕೂತಿತ್ತಲ್ವಾ, ಕೆಲಸಕ್ಕೆ ಹೋಗಿ ಅಂದುಬಿಟ್ಟೆ.

ನಾಲ್ಕೇ ದಿನಕ್ಕೆ ಅವರ ಹೆಂಡತಿಯ ಫೋನ್. "ಮೇಡಂ, ಚಿಲ್ಲರೆ ಕೊಡುವಾಗ ಪಾರ್ಸೆಲಿನವರು ಮಾತಾಡಿಸಿದ್ರೆ ಇವರಿಗೆ ಎರಡೂ ಮರೆತು ಹೋಗ್ತದೆ. ಗಿರಾಕಿಗಳ ಮೇಲೆ ರೇಗ್ತಾರೆ ಬೇರೆ."

ಆಮೇಲೆ ಓದಲು ಕೂತೆ. 1998ರಲ್ಲೇ ಶ್ಮಾಮನ್ ಮತ್ತು ಶರ್ಮನ್ ಅನ್ನುವ ಸಂಶೋಧಕರು ಇದನ್ನು ವಿವರಿಸಿದ್ದರು: ಕಿರುಮೆದುಳಿಗೆ ಪೆಟ್ಟಾದರೆ ಯೋಚನೆ, ಮಾತು, ಸ್ವಭಾವ ಕೂಡ ಏರುಪೇರಾಗಬಹುದು. ಮೆದುಳಿನ ಸುಮಾರು 8600 ಕೋಟಿ ನರಕೋಶಗಳಲ್ಲಿ 6900 ಕೋಟಿ ಇರುವುದು ಅಲ್ಲೇ, ಬರೀ ನಡೆಯಲಿಕ್ಕೆ ಅಷ್ಟೊಂದು ಯಾಕೆ ಬೇಕು! ಹಣೆಯ ಹಿಂದಿನ ಮೆದುಳಿನ ಹೊರಪದರ, ಅಂದ್ರೆ ಕಾರ್ಟೆಕ್ಸ್‌ನಿಂದ ಹೊರಟ ಸುದ್ದಿ ಮೆದುಳಿನ ಬುಡದಲ್ಲಿರುವ ಪಾನ್ಸ್‌ಗೆ ಬಂದು, ದಾದರ್‌ನಲ್ಲಿ ಗಾಡಿ ಬದಲಿಸಿ ಸೆಂಟ್ರಲ್ ಲೈನ್ ಹಿಡಿದ ಹಾಗೆ, ಅಲ್ಲಿ ಬೇರೆ ನರಕ್ಕೆ ದಾಟಿ ಎದುರು ಬದಿಯ ಕಿರುಮೆದುಳಿಗೆ ಹೋಗುತ್ತದೆ. ವಾಪಸು ಬರುವಾಗ ಕಿರುಮೆದುಳಿನ ಒಳಗೆ ಡೆಂಟೇಟ್ ಅನ್ನುವ ನರಕೋಶಗಳ ಗಂಟಿನಿಂದ ಹೊರಟು, ಮತ್ತೆ ಬದಿ ದಾಟಿ, ಮೆದುಳಿನ ನಡುವಿನ ಥಲಾಮಸ್ ಮೂಲಕ ಕಾರ್ಟೆಕ್ಸ್ ಸೇರುತ್ತದೆ. ಹಾಗಾಗಿ ಬಲ ಕಿರುಮೆದುಳಿನ ಜೋಡಿ ಎಡ ಕಾರ್ಟೆಕ್ಸ್, ಹೆಚ್ಚಿನವರಲ್ಲಿ ಮಾತು ಇರುವ ಕಡೆ. ಕಿರುಮೆದುಳಿನಲ್ಲಿ ಕೈಕಾಲಿನ ಜಾಗ ಜಾಸ್ತಿ ಮುಂಭಾಗದಲ್ಲಿ, ಯೋಚನೆಯದ್ದು ಹಿಂದೆ. ಇವರ ಕಾಲು ಬೇಗ ಸರಿಹೋಗಿದ್ದು ಯಾಕೆ ಅಂತ ಆಗ ಹೊಳೆಯಿತು.

ಮತ್ತೆ ಕರೆಸಿ ಪರೀಕ್ಷೆ ಮಾಡಿದೆ. ಒಂದು ತರಕಾರಿ, ಒಂದು ಕಸುಬು, ಹೀಗೆ ಬದಲಿಸಿ ಹೇಳಿ ಅಂದೆ. "ಬದನೆ, ಬಡಗಿ, ಬೆಂಡೆ, ಹೀರೆ, ಸೋರೆ…" ತರಕಾರಿಯಲ್ಲೇ ಉಳಿದರು. 'ಕ'ದಿಂದ ಶುರುವಾಗುವ ಪದ ಕೇಳಿದರೆ, "ಕಾ, ಕಿ ಲೆಕ್ಕಕ್ಕೆ ಬರ್ತದಾ?" ಅಂತ ನನ್ನನ್ನೇ ಕೇಳಿದರು. ಒಳ್ಳೆ ಪ್ರಶ್ನೆ. ಇಂಗ್ಲಿಷಿಗೆ ಮಾಡಿದ ಅಂಕಗಳನ್ನು ಕನ್ನಡಕ್ಕೆ ಹಾಗೇ ಹಚ್ಚಬಾರದು, ಮುಂದೆ ಮತ್ತೆ ಪರೀಕ್ಷಿಸಿದಾಗ ಬರೀ ಅವರದೇ ಹಿಂದಿನ ಅಂಕಕ್ಕೆ ಹೋಲಿಸಿದೆ.

ಆಮೇಲೆ ಮೇಜಿನ ಮೇಲೇ ಗಲ್ಲಾ ಹಾಕಿದೆ. ಹಳೇ ಬಿಲ್ಲು, ನಿಜವಾದ ನೋಟು. ಮೊದಲು ಸುಮ್ನೆ ಚಿಲ್ಲರೆ. ಎರಡು ವಾರ ಕಳೆದ ಮೇಲೆ ನಾನೇ ನಡುವೆ ಬಾಯಿ ಹಾಕುತ್ತಿದ್ದೆ. ಆಗ ಅವರು "ಒಂದು ನಿಮಿಷ" ಅಂತ ಕೈ ತೋರಿಸಿ, ಕೈಯಲ್ಲಿರುವ ಬಿಲ್ಲು ಮುಗಿಸಿಯೇ ನನ್ನ ಕಡೆ ತಿರುಗಬೇಕು. ಎಷ್ಟು ಇದರಿಂದ ಆಯಿತು, ಎಷ್ಟು ತಾನಾಗಿ ವಾಸಿಯಾಯಿತು, ಒಬ್ಬರನ್ನು ನೋಡಿ ಹೇಳಲಾಗದು.

ಮೂರು ತಿಂಗಳಿಗೆ ಮಧ್ಯಾಹ್ನದ ಖಾಲಿ ಹೊತ್ತು ಗಲ್ಲಾದಲ್ಲಿ ಕೂತರು. ಸಂಜೆ ರಶ್‌ನಲ್ಲಿ ಈಗಲೂ ಮಗನೇ. ಇವರು ಪಕ್ಕದಲ್ಲಿ ನಿಂತು "ಹತ್ತು ರೂಪಾಯಿ ಜಾಸ್ತಿ ಕೊಟ್ಟೆಯಲ್ಲ ಮಾರಾಯ" ಅಂತ ಅವನನ್ನು ಹಿಡಿಯುತ್ತಾರಂತೆ.