ದೊಡ್ಡದನ್ನು ಬಿಟ್ಟು ಚಿಕ್ಕ ಫಿಫ್ತ್ ವೀಲ್ ಕೊಂಡೆವು: ನನ್ನ ಅನುಭವ

ಮನೆ ಕಟ್ಟಿ ಮುಗಿಯುವವರೆಗೆ ಅದರಲ್ಲೇ ಇರಬೇಕು, ಆಮೇಲೆ ರಜೆ ಬಂದಾಗ ಅದನ್ನೇ ಎಳೆದುಕೊಂಡು ಊರು ತಿರುಗಬೇಕು. ಈ ಎರಡು ಕೆಲಸಕ್ಕೆ ಒಂದೇ ಫಿಫ್ತ್ ವೀಲ್ ಟ್ರೈಲರ್ (ಪಿಕಪ್ ಟ್ರಕ್‌ನ ಹಿಂದಿನ ತೊಟ್ಟಿಲಿಗೆ ಸಿಕ್ಕಿಸಿ ಎಳೆಯುವ ಗಾಡಿಮನೆ) ಹುಡುಕುತ್ತಾ ಹೋದ ನಮಗೆ ಕೊನೆಗೆ ಉಳಿದ ಆಯ್ಕೆ ಎರಡು. ಒಂದು 41 ಅಡಿಯ ಹೊಚ್ಚ ಹೊಸ ಗಾಡಿ. ನಾಲ್ಕು ಸ್ಲೈಡ್‌ಗಳು (ನಿಂತಾಗ ಹೊರಕ್ಕೆ ಚಾಚಿ ಜಾಗ ಹೆಚ್ಚಿಸುವ ಗೋಡೆಭಾಗಗಳು), ಅಡುಗೆಮನೆಯ ನಡುವೆ ಕಟ್ಟೆ, ಹಿಂದೆ ಮಕ್ಕಳ ಕೋಣೆ, ಅದಕ್ಕೇ ಸೇರಿದ ಇನ್ನೊಂದು ಶೌಚಾಲಯ. ಇನ್ನೊಂದು 32 ಅಡಿಯದು, ಸುಮಾರು ನಾಲ್ಕು ವರ್ಷ ಹಳೆಯದು. ಒಂದೇ ಸ್ಲೈಡ್, ಹಿಂಬದಿಯಲ್ಲಿ ಡಬಲ್ ಹಾಸಿಗೆ, ಅದರ ಮೇಲೆ ಬಂಕ್. ನಾನು ಎರಡನೆಯದನ್ನು ಕೊಂಡೆ. ಟೆಕ್ಸಾಸ್‌ನ ಆಸ್ಟಿನ್ ನಗರದ ಉತ್ತರಕ್ಕೆ, ಜಾರ್ಜ್‌ಟೌನ್ ಕಡೆಯ ಒಂದು ಆರ್‌ವಿ ಪಾರ್ಕಿನಲ್ಲಿ (ಇಂಥ ಗಾಡಿಗಳನ್ನು ನಿಲ್ಲಿಸಿಕೊಳ್ಳಲು ಬಾಡಿಗೆಗೆ ಜಾಗ ಕೊಡುವ ಕಡೆ) ನಾನು, ಹೆಂಡತಿ, ಇಬ್ಬರು ಮಕ್ಕಳು, ಹಾಸನದಿಂದ ಬಂದಿದ್ದ ಅಮ್ಮ, ಹೀಗೆ ಐದು ಜನ ಅದರಲ್ಲಿ ಸಂಸಾರ ಮಾಡಿದೆವು. ಅಮ್ಮ ಆರು ತಿಂಗಳು ಇದ್ದರು, ನಾವು ಹೆಚ್ಚುಕಡಿಮೆ ಒಂದು ವರ್ಷ.

ಡಲ್ಲಾಸ್‌ನಲ್ಲಿರುವ ಭಾವಮೈದ ಗಾಡಿಯ ಫೋಟೋ ನೋಡಿದವನೇ ಫೋನ್ ಮಾಡಿದ. "ಭಾವ, ಇದು ವಾರಾಂತ್ಯದ ಗಾಡಿ. ವರ್ಷವಿಡೀ ಇರುವುದಕ್ಕಲ್ಲ. ಇನ್ನೂ ಇಪ್ಪತ್ತು ಸಾವಿರ ಹೋದರೆ ಹೋಗಲಿ, ದೊಡ್ಡದನ್ನೇ ತೆಗೆದುಕೊಳ್ಳಿ." ಕನ್ನಡ ಬಳಗದ ಗೆಳೆಯರೂ ಅದನ್ನೇ ಹೇಳಿದರು. ಈಗ ಅವರೇ ಒಬ್ಬೊಬ್ಬರಾಗಿ ಹೇಗೆ ಮಾಡಿದೆ ಎಂದು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ಹಿಚ್ ಎಂದರೆ ಟ್ರಕ್‌ನಲ್ಲಿ ಕೂರಿಸಿದ ಕೊಂಡಿ, ಕಿಂಗ್‌ಪಿನ್ ಎಂದರೆ ಅದಕ್ಕೆ ಸಿಕ್ಕಿಕೊಳ್ಳುವ ಟ್ರೈಲರ್ ಮುಂಭಾಗದ ಗೂಟ; ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ.

ಎಲ್ಲರೂ ಟ್ರೈಲರ್ ಒಳಗೆ ಹೊಕ್ಕು ಸೋಫಾದ ಮೇಲೆ ಕುಳಿತು ನೋಡುತ್ತಾರೆ. ನಾನು ಶುರು ಮಾಡಿದ್ದು ನನ್ನ ಟ್ರಕ್‌ನ ಚಾಲಕನ ಬಾಗಿಲ ಕಂಬಕ್ಕೆ ಅಂಟಿಸಿದ ಹಳದಿ ಚೀಟಿಯಿಂದ. ನನ್ನದು ಇಲ್ಲಿನವರು ರೂಢಿಯಲ್ಲಿ ಮುಕ್ಕಾಲು ಟನ್ ಎಂದು ಕರೆಯುವ ವರ್ಗದ ಪೆಟ್ರೋಲ್ ಟ್ರಕ್. ಜನ, ಸಾಮಾನು ಎಲ್ಲ ಸೇರಿ ಹೊರಬಹುದಾದ ತೂಕ 3,000 ಪೌಂಡ್‌ನ ಆಸುಪಾಸು ಎಂದು ಚೀಟಿಯಲ್ಲಿತ್ತು. ಹಿಚ್‌ಗೆ 170, ಐದು ಜನಕ್ಕೆ 650, ಉಪಕರಣದ ಪೆಟ್ಟಿಗೆಗೆ 100 ಕಳೆದರೆ ಪಿನ್ ತೂಕಕ್ಕೆ, ಅಂದರೆ ಟ್ರೈಲರ್ ಆ ಕಿಂಗ್‌ಪಿನ್ ಮೂಲಕ ಟ್ರಕ್ ಮೇಲೆ ಹೇರುವ ಭಾರಕ್ಕೆ, ಉಳಿಯುವುದು 2,080 ಪೌಂಡ್, ಅಷ್ಟೇ. ದೊಡ್ಡ ಗಾಡಿಯ ಕರಪತ್ರದಲ್ಲಿ ಪಿನ್ ತೂಕ 2,100 ಎಂದಿತ್ತು. ಅದು ಖಾಲಿ ಗಾಡಿಯ ಲೆಕ್ಕ. ತುಂಬಿದ ಮೇಲೆ ಆ ಗಾಡಿ 13,000 ದಾಟುತ್ತದೆ. ಫಿಫ್ತ್ ವೀಲ್‌ನಲ್ಲಿ ಒಟ್ಟು ತೂಕದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ಪಿನ್ ಮೇಲೆ ಕೂರುತ್ತದೆ. 22 ಶೇಕಡಾ ಹಿಡಿದರೂ 2,900 ಪೌಂಡ್.

ಆಗ ಗೆಳೆಯರೊಬ್ಬರು, "ಡೀಸೆಲ್ ಟ್ರಕ್ ತೆಗೆದುಕೊಳ್ಳಿ, ಆನೆಯನ್ನೂ ಎಳೆಯುತ್ತದೆ" ಎಂದರು. ಎಳೆಯುವುದು ಬೇರೆ, ಬೆನ್ನ ಮೇಲೆ ಹೊರುವುದು ಬೇರೆ. ಅದೇ ಮುಕ್ಕಾಲು ಟನ್ ವರ್ಗದಲ್ಲಿ ಡೀಸೆಲ್ ಎಂಜಿನ್ ಭಾರವಾಗಿರುವುದರಿಂದ ಹೊರುವ ಶಕ್ತಿ ಇನ್ನೂ ಕಡಿಮೆ. ಅವರ ಟ್ರಕ್‌ನ ಚೀಟಿಯನ್ನು ಅವರ ಮನೆ ಮುಂದೆಯೇ ಓದಿದೆವು. 2,200 ಕೂಡ ಇರಲಿಲ್ಲ. ಒಂದು ಟನ್ ಟ್ರಕ್‌ಗೆ ಹೋದರೆ ಸರಿಹೋಗುತ್ತದೆ ನಿಜ, ಆದರೆ ಎಪ್ಪತ್ತು ಸಾವಿರ ಡಾಲರ್ ತೆತ್ತು ಟ್ರಕ್ ಬದಲಿಸುವುದಾದರೆ ಬಾಡಿಗೆ ಉಳಿಸುವ ಮಾತೇ ಉಳಿಯುವುದಿಲ್ಲ.

ನಾನು ಹಿಡಿದ ದಾರಿ ಇದು. ಇಕ್ಕಟ್ಟು, ಚಳಿ, ಸೆಕೆ, ಮೆಟ್ಟಿಲು, ಇವೆಲ್ಲಕ್ಕೂ ಮರ, ಅಂಟು, ಒಂದಿಷ್ಟು ದುಡ್ಡು ಸಾಕು. ಪಿನ್ ತೂಕಕ್ಕೆ ಮಾತ್ರ ಯಾವ ಮದ್ದೂ ಇಲ್ಲ. ಆದ್ದರಿಂದ ಮೊದಲು ತೂಕ, ಉಳಿದದ್ದೆಲ್ಲ ಆಮೇಲೆ.

ಚಿಕ್ಕ ಗಾಡಿ ಸಿಗುವ ಮುಂಚೆ ದುಡ್ಡು ಕಳೆದದ್ದೂ ಉಂಟು. ಸ್ಯಾನ್ ಆಂಟೋನಿಯೊ ಕಡೆ ಅಂಥದ್ದೇ ಒಂದು ಗಾಡಿ ನೋಡಿ ತಪಾಸಣೆಗಾರರೊಬ್ಬರನ್ನು ಕರೆಸಿದ್ದೆ. ಎಂಟುನೂರು ಡಾಲರ್ ಚಿಲ್ಲರೆ ತೆಗೆದುಕೊಂಡರು. ಮುಂಭಾಗದ ಹಾಸಿಗೆ ಎತ್ತಿ, ಮೂಲೆಯ ಗೋಡೆಗೆ ತೇವಮಾಪಕ ಒತ್ತಿದಾಗ ಮುಳ್ಳು ಕೊನೆಗೆ ಹೋಗಿ ನಿಂತಿತು. ಹೆಬ್ಬೆರಳಿನಿಂದ ಅದುಮಿದರೆ ಗೋಡೆ ಒಳಗೆ ಹೋಗುತ್ತಿತ್ತು. ಚಾವಣಿಯ ಸೀಲಂಟ್ ಬಿರುಕುಬಿಟ್ಟು ವರ್ಷಗಳಿಂದ ನೀರು ಇಳಿದಿದೆ. ಆ ವ್ಯವಹಾರ ಅಲ್ಲಿಗೇ ಮುಗಿಯಿತು. ಆದರೆ ಆ ತಪಾಸಣೆಗಾರರ ಹಿಂದೆಯೇ ನಾಲ್ಕು ಗಂಟೆ ತಿರುಗಿ, ಅವರ ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ನೋಡಿಕೊಂಡೆ. ಮುಂದಿನ ಗಾಡಿಗಳನ್ನೆಲ್ಲ ನಲವತ್ತು ಡಾಲರ್‌ನ ತೇವಮಾಪಕ ಹಿಡಿದು ನಾನೇ ನೋಡಿದೆ. ನಾನು ಬೇಡವೆಂದ ಗಾಡಿಗಳಲ್ಲಿ ಒಂದನ್ನು ಬೇರೆಯವರು ಕೊಂಡು ನೆಲ ಕಿತ್ತು ಹಾಕಿಸಿದ ಸುದ್ದಿ ಆಮೇಲೆ ಬಂತು.

32 ಅಡಿಯ ಗಾಡಿ ಟೆಂಪಲ್ ಎಂಬ ಊರಿನ ಕಡೆಯ ನಿವೃತ್ತ ದಂಪತಿಯದು. ಅವರು ಆಗಷ್ಟೇ ಪ್ರವಾಸ ಮುಗಿಸಿ ಬಂದಿದ್ದರು. ಪಾತ್ರೆ, ಡಬ್ಬಿ, ಕುರ್ಚಿ, ತೊಟ್ಟಿಯಲ್ಲಿ ನೀರು ಎಲ್ಲ ಹಾಗೆಯೇ ಇತ್ತು. "ದಯವಿಟ್ಟು ಏನನ್ನೂ ಇಳಿಸಬೇಡಿ, ಹೀಗೇ ಒಮ್ಮೆ ತೂಗೋಣ" ಎಂದು ಕೇಳಿಕೊಂಡೆ. ಅವರಿಗೆ ಇದು ವಿಚಿತ್ರ ಬೇಡಿಕೆ, ಆದರೂ ಒಪ್ಪಿದರು. ಐ-35 ಹೆದ್ದಾರಿಯ ಟ್ರಕ್ ತಂಗುದಾಣದ ಕ್ಯಾಟ್ ಸ್ಕೇಲ್‌ಗೆ, ಅಂದರೆ ಲಾರಿ ತೂಗುವ ತಕ್ಕಡಿಗೆ, ಹೋದೆವು. ಟ್ರೈಲರ್ ಸಮೇತ ಒಮ್ಮೆ, ಬಿಚ್ಚಿಟ್ಟು ಬರೀ ಟ್ರಕ್ ಒಮ್ಮೆ. ಮೊದಲ ತೂಕಕ್ಕೆ ಹದಿನೈದು ಡಾಲರ್‌ನಷ್ಟು, ಮರುತೂಕಕ್ಕೆ ಅದಕ್ಕಿಂತ ಬಹಳ ಕಡಿಮೆ. ಟ್ರಕ್‌ನ ಎರಡೂ ಆಕ್ಸಲ್‌ಗಳ ಮೊತ್ತದಲ್ಲಿ ಬಂದ ವ್ಯತ್ಯಾಸವೇ ಪಿನ್ ತೂಕ. ನೆನಪಿರುವಂತೆ 1,850. ಒಟ್ಟು ಗಾಡಿ 9,100ರ ಹತ್ತಿರ, ಗರಿಷ್ಠ ಮಿತಿ 9,900. ಒಂದು ಸಂಸಾರ ನಿಜವಾಗಿ ತುಂಬಿಕೊಂಡು ತಿರುಗಿದ ತೂಕ ಅದು. ಯಾವ ಕರಪತ್ರವೂ ಆ ಅಂಕಿ ಕೊಡುವುದಿಲ್ಲ. ಹಳೆಯ ಗಾಡಿ ಕೊಳ್ಳುವವರು ಮಾಲೀಕರು ಸಾಮಾನು ಇಳಿಸುವ ಮುಂಚೆ ಹೋಗಬೇಕು.

ದೊಡ್ಡ ಗಾಡಿಯ ಮಾರಾಟಗಾರರಲ್ಲಿ ಇದನ್ನೇ ಕೇಳಿದ್ದೆ. ತೂಗುವ ಪದ್ಧತಿ ತಮ್ಮಲ್ಲಿಲ್ಲ ಎಂದರು. ಬೆಲೆ 58,000 ಎಂದು ಮಾತಾಗಿತ್ತು. ಕಾಗದ ಬರುವ ಹೊತ್ತಿಗೆ ಸಿದ್ಧತಾ ಶುಲ್ಕ, ದಾಖಲೆ ಶುಲ್ಕ, ಹೆಚ್ಚುವರಿ ಖಾತರಿ ಎಂದೆಲ್ಲ ಸೇರಿ 64,000 ಮೀರಿತ್ತು, ಅದರ ಮೇಲೆ ರಾಜ್ಯದ 6.25 ಶೇಕಡಾ ತೆರಿಗೆ. ಖಾತರಿ ಪತ್ರವನ್ನು ಮನೆಗೆ ತಂದು ಹೆಂಡತಿ ಓದಿದಳು. ಗಾಡಿಯನ್ನು ಕಾಯಂ ವಾಸಕ್ಕೆ ಬಳಸಿದರೆ ಖಾತರಿ ಅನ್ವಯಿಸದು ಎಂಬ ಸಾಲು ಒಳಪುಟದಲ್ಲಿತ್ತು. ಇಂಥ ಷರತ್ತು ಹಲವು ತಯಾರಕರದ್ದರಲ್ಲಿ ಇರುತ್ತದೆ. ವಾಸಕ್ಕೆಂದೇ ಕೊಳ್ಳುವ ನಮಗೆ ಹೊಸತನದ ದೊಡ್ಡ ಲಾಭವೇ ಅಲ್ಲಿ ಹೋಯಿತು.

ಇನ್ನೊಂದು ಪರೀಕ್ಷೆಯನ್ನು ಎಲ್ಲರೂ ಮಾಡಲೇಬೇಕು: ಸ್ಲೈಡ್‌ಗಳನ್ನೆಲ್ಲ ಒಳಗೆಳೆದು ಆಮೇಲೆ ಒಳಹೊಕ್ಕು ನೋಡುವುದು. ಹೆದ್ದಾರಿಯ ತಂಗುದಾಣದಲ್ಲಿ ಮಗು ಹೊಟ್ಟೆ ಹಿಡಿದುಕೊಂಡು ನಿಂತಾಗ ಸ್ಲೈಡ್ ಬಿಚ್ಚುತ್ತಾ ಕೂರಲಾಗುವುದಿಲ್ಲ. ದೊಡ್ಡದರಲ್ಲಿ ಸ್ಲೈಡ್ ಒಳಬಂದರೆ ಫ್ರಿಜ್ ಬಾಗಿಲು ಕಟ್ಟೆಗೆ ತಾಗಿ ನಾಲ್ಕು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ, ಮಕ್ಕಳ ಕೋಣೆಗೆ ದಾರಿಯೇ ಇರಲಿಲ್ಲ. ಚಿಕ್ಕದರಲ್ಲಿ ಒಲೆ, ಫ್ರಿಜ್, ಶೌಚಾಲಯ ಮೂರೂ ಕೈಗೆ ಸಿಗುತ್ತವೆ. ದಾರಿಯಲ್ಲಿ ನಿಲ್ಲಿಸಿ ಮೊಸರನ್ನ ಕಲಸಿ ತಿಂದು ಹೊರಡುವುದಕ್ಕೆ ಕಾಲು ಗಂಟೆ ಸಾಕು.

ವಿದ್ಯುತ್ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳಲಿಲ್ಲ. 30 ಆಂಪ್ ಗಾಡಿಗೆ ಸಿಗುವುದು 3,600 ವ್ಯಾಟ್, 50 ಆಂಪ್‌ಗೆ ಎರಡು ಲೈನ್ ಸೇರಿ 12,000. ಟೆಕ್ಸಾಸ್‌ನ ಆಗಸ್ಟ್ ತಿಂಗಳಲ್ಲಿ ಒಂದು ಎಸಿ ಯಾವ ಮೂಲೆಗೂ ಸಾಲದು. ಈ ಗಾಡಿ ಚಿಕ್ಕದಾದರೂ 50 ಆಂಪ್, ಮಲಗುವ ಕೋಣೆಯ ಚಾವಣಿಯಲ್ಲಿ ಎರಡನೇ ಎಸಿಗೆ ತಂತಿ ಎಳೆದಿತ್ತು. ಎಸಿಯನ್ನು ಸಾವಿರ ಡಾಲರ್ ಒಳಗೆ ತಂದು ನಾನೇ ಕೂರಿಸಿದೆ. ಟೈರ್‌ಗಳ ಪಕ್ಕದಲ್ಲಿ ತಯಾರಾದ ವಾರ, ವರ್ಷ ಹೇಳುವ ಕೊನೆಯ ನಾಲ್ಕು ಅಂಕಿ ಓದಿದಾಗ ಅವು ಗಾಡಿಗಿಂತಲೂ ಹಳೆಯವು ಎಂದು ತಿಳಿಯಿತು. ನಾಲ್ಕನ್ನೂ ತೆಗೆಸಿ ಭಾರ ಹೊರುವ ಲೋಡ್ ರೇಂಜ್ ಇ ದರ್ಜೆಯ ಟೈರ್ ಹಾಕಿಸಿದೆ, ಆರುನೂರು ಚಿಲ್ಲರೆ. ಅವರು ಕೇಳಿದ್ದು 33,000, ನಾನು ಕೊಟ್ಟದ್ದು 28,500. ಬೆಲೆ ಇಳಿಸಲು ಅವರ ಮುಂದೆ ಇಟ್ಟ ಕಾಗದ ಯಾವುದು ಎಂದು ಮಾತ್ರ ಹೇಳುವುದಿಲ್ಲ. ಮುಂದಿನ ಗಾಡಿ ಕೊಳ್ಳುವಾಗ ಅದು ನನಗೆ ಬೇಕು.

ಅಮ್ಮನ ಮಂಡಿನೋವು ದೊಡ್ಡ ಪ್ರಶ್ನೆಯಾಗಿತ್ತು. ದೊಡ್ಡ ಗಾಡಿಯಲ್ಲಿ ಕೆಳಗೇ ಶೌಚಾಲಯವಿತ್ತು. ಅದೊಂದು ಅದರ ನಿಜವಾದ ಹೆಚ್ಚುಗಾರಿಕೆ, ಒಪ್ಪುತ್ತೇನೆ. ನಮ್ಮದರಲ್ಲಿ ಶೌಚಾಲಯಕ್ಕೆ ಗಾಡಿಯೊಳಗೇ ಮೂರು ಮೆಟ್ಟಿಲು ಹತ್ತಬೇಕು. ಮುಕ್ಕಾಲು ಅಂಗುಲದ ಪ್ಲೈವುಡ್‌ನಿಂದ ಪ್ರತಿ ಮೆಟ್ಟಿಲಿಗೂ ಅರ್ಧ ಎತ್ತರದ ಸಣ್ಣ ಪೆಟ್ಟಿಗೆ ಮಾಡಿದೆ. ಅಂಚಿಗೆ ಮರಳುಕಾಗದದಂಥ ಜಾರದ ಪಟ್ಟಿ ಅಂಟಿಸಿದೆ. ಪೆಟ್ಟಿಗೆ ಮೆಟ್ಟಿಲ ಎಡಬದಿಗೆ ಮಾತ್ರ, ಬಲಬದಿ ಮಕ್ಕಳು ಓಡಲು ಖಾಲಿ. ಹಿಡಿಕೆಯನ್ನು ಗೋಡೆಯ ತೆಳು ಹಲಗೆಗೆ ಹೊಡೆದರೆ ಕಿತ್ತುಬರುತ್ತದೆ, ಒಳಗಿನ ಚೌಕಟ್ಟಿಗೆ ಹೊಡೆದ ಮೊಳೆಗಳನ್ನು ಅಯಸ್ಕಾಂತದಿಂದ ಹುಡುಕಿ ಆ ಚೌಕಟ್ಟಿಗೇ ಸ್ಕ್ರೂ ಹಾಕಬೇಕು. ಅಮ್ಮ ಎರಡು ದಿನ ನನ್ನ ಕೈ ಹಿಡಿದು ಹತ್ತಿದರು, ಮೂರನೆಯ ದಿನದಿಂದ ರಾತ್ರಿಯಲ್ಲೂ ಒಬ್ಬರೇ. ಒಟ್ಟು ಖರ್ಚು ಅರವತ್ತು ಡಾಲರ್.

ಚಳಿಗಾಲ ನನ್ನನ್ನು ಬಹಳ ಸತಾಯಿಸಿತು. ಫೆಬ್ರವರಿ 2021ರ ಹಿಮಪಾತವನ್ನು ಕಂಡವರು ಟೆಕ್ಸಾಸ್‌ನ ಚಳಿಯನ್ನು ಹಗುರಾಗಿ ಎಣಿಸುವುದಿಲ್ಲ. ಗಾಡಿಯ ಸುತ್ತ ಕೆಳಗಿನಿಂದ ಗಾಳಿ ನುಗ್ಗದಂತೆ ಒಂದು ಅಂಗುಲದ ಫೋಮ್ ಹಲಗೆ ಕತ್ತರಿಸಿ ಟೇಪ್ ಸುತ್ತಿದೆ. ಮೊದಲ ಬಡಗಣ ಗಾಳಿಗೆ ಅರ್ಧಕ್ಕರ್ಧ ಪಕ್ಕದ ಸೈಟಿಗೆ ಹಾರಿಹೋಯಿತು. ಆಮೇಲೆ ತಾರ್ಪಾಲಿನ್ ಕಟ್ಟಿದೆ. ರಾತ್ರಿಯಿಡೀ ಪಟಪಟ ಸದ್ದು, ಯಾರಿಗೂ ನಿದ್ದೆಯಿಲ್ಲ. ಮೂರನೆಯ ಸಲ ಫೋಮ್ ಹಲಗೆಯನ್ನೇ ಎರಡಂಗುಲದ ಮರದ ಚೌಕಟ್ಟಿಗೆ ಕೂರಿಸಿ, ಚೌಕಟ್ಟನ್ನು ನೆಲಕ್ಕೆ ಗೂಟ ಹೊಡೆದು ನಿಲ್ಲಿಸಿದೆ. ಅದು ನಿಂತಿತು. ಗಾಡಿಗೆ ಒಂದೂ ರಂಧ್ರ ಕೊರೆಯದೆ ಮೇಲ್ತುದಿಯನ್ನು ಹೇಗೆ ಬಿಗಿದೆ ಎಂಬುದು ಬಂದು ನೋಡಿದವರಿಗೆ ಮಾತ್ರ. ಅದಕ್ಕೂ ಮುಂಚೆ ಹೀಟರ್ 30 ಪೌಂಡ್‌ನ ಪ್ರೊಪೇನ್ ಸಿಲಿಂಡರನ್ನು ಮೂರು ದಿನದಲ್ಲಿ ಮುಗಿಸುತ್ತಿತ್ತು, ಆಮೇಲೆ ಅದೇ ಚಳಿಯಲ್ಲಿ ಐದಾರು ದಿನ ಬಂತು.

ಅಡುಗೆಯದ್ದು ಬೇರೆಯೇ ಪ್ರಯೋಗಶಾಲೆ. ಒಗ್ಗರಣೆಗೆ ಮೆಣಸಿನಕಾಯಿ ಹಾಕಿದ ಕೂಡಲೇ ಹೊಗೆಯ ಅಲಾರಂ ಕಿರುಚುತ್ತಿತ್ತು. ಒಲೆಯ ಮೇಲಿನ ಫ್ಯಾನ್ ಪ್ರಯೋಜನವಿಲ್ಲ. ಚಾವಣಿಯ ಫ್ಯಾನನ್ನು ಹೊರಕ್ಕೆ ಊದುವಂತೆ ಇಟ್ಟು, ಉಳಿದ ಕಿಟಕಿಗಳನ್ನೆಲ್ಲ ಮುಚ್ಚಿ, ಒಲೆಯ ಪಕ್ಕದ ಕಿಟಕಿಯನ್ನು ಮಾತ್ರ ಎರಡು ಬೆರಳು ತೆರೆದರೆ ಹೊಗೆ ನೆಟ್ಟಗೆ ಮೇಲೆ ಹೋಗುತ್ತದೆ. ದೋಸೆ ಹಿಟ್ಟು ಚಳಿಯಲ್ಲಿ ಹುಳಿ ಬರುತ್ತಿರಲಿಲ್ಲ. ವಿದ್ಯುತ್ ಕನ್ವರ್ಟರ್ ಇರುವ ಗೂಡಿನ ಪಕ್ಕದ ಕಪಾಟು ಸದಾ ಬೆಚ್ಚಗಿರುತ್ತದೆ ಎಂದು ಅಮ್ಮ ಕಂಡುಹಿಡಿದರು. ಅಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬಿ ಬರುತ್ತಿತ್ತು. ಎಸಿಗೆ ಸಾಫ್ಟ್ ಸ್ಟಾರ್ಟರ್ (ಶುರುವಾಗುವಾಗ ಎಳೆಯುವ ಕರೆಂಟ್ ತಗ್ಗಿಸುವ ಸಾಧನ) ಹಾಕಿ ಸಣ್ಣ ಹೋಂಡಾ ಜನರೇಟರ್‌ನಲ್ಲಿ ಓಡಿಸಿಯೂ ನೋಡಿದೆ. ಒಂದು ಎಸಿ ಓಡುತ್ತದೆ. ಅದರ ಜೊತೆಗೆ ಗ್ರೈಂಡರ್ ಹಾಕಿದರೆ ನಿಂತುಹೋಗುತ್ತದೆ.

ದುಡ್ಡಿನ ಲೆಕ್ಕ ಹೀಗೆ. ನಮ್ಮ ಕಡೆ ಕಡಿಮೆ ಅವಧಿಯ ಕರಾರಿಗೆ ಮೂರು ಕೋಣೆಯ ಅಪಾರ್ಟ್‌ಮೆಂಟ್ ತಿಂಗಳಿಗೆ 2,600 ಕೇಳುತ್ತಿದ್ದರು. ಪಾರ್ಕಿನಲ್ಲಿ ಸೈಟಿಗೆ 850, ಬೇಸಿಗೆಯ ವಿದ್ಯುತ್ತಿಗೆ 200, ಚಳಿಗಾಲದಲ್ಲಿ ಪ್ರೊಪೇನ್‌ಗೆ ನೂರರ ಮೇಲೆ. ತಿಂಗಳಿಗೆ ಸಾವಿರದ ಐನೂರಂತೂ ಉಳಿಯಿತು. ಗುತ್ತಿಗೆದಾರರು ಮನೆ ಕೊಡುವುದನ್ನು ಮೂರು ತಿಂಗಳು ತಡಮಾಡಿದಾಗ ಅಪಾರ್ಟ್‌ಮೆಂಟ್‌ನಲ್ಲಿದ್ದವರು ದಂಡ ಕಟ್ಟಿದರು, ನಾವು ಸೈಟಿನ ಬಾಡಿಗೆ ಕಟ್ಟಿಕೊಂಡು ನೆಮ್ಮದಿಯಾಗಿದ್ದೆವು.

ಈಗ ಮನೆಗೆ ಹೋಗಿದ್ದೇವೆ, ಗಾಡಿ ತಿರುಗುತ್ತಿದೆ. ಚಿಕ್ಕದನ್ನು ಕೊಂಡದ್ದರ ಸುಖ ಗೊತ್ತಾಗುವುದು ಇಲ್ಲಿ. ಇಂಕ್ಸ್ ಲೇಕ್, ಗಾರ್ನರ್‌ನಂಥ ರಾಜ್ಯ ಉದ್ಯಾನಗಳ ಮರದಡಿಯ ಸೈಟುಗಳಿಗೆ 32 ಅಡಿ ತಿರುಗಿಸಿ ಹಾಕಬಹುದು, 41 ಅಡಿಗೆ ಅಲ್ಲಿ ಬಹಳ ಕಷ್ಟ. ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರಿಗೆ ಒಂದು ಮಾತು. ಅಲ್ಲಿನ ಬೆಟ್ಟದ ಚೀಸೋಸ್ ಬೇಸಿನ್ ರಸ್ತೆಗೆ 20 ಅಡಿ ಮೀರಿದ ಟ್ರೈಲರ್ ಒಯ್ಯಬೇಡಿ ಎಂದು ಉದ್ಯಾನದವರೇ ಹೇಳುತ್ತಾರೆ. ಗಾಡಿಯನ್ನು ರಿಯೋ ಗ್ರಾಂಡೆ ವಿಲೇಜ್‌ನಲ್ಲಿ ನಿಲ್ಲಿಸಿ, ಬೆಟ್ಟಕ್ಕೆ ಬರೀ ಟ್ರಕ್‌ನಲ್ಲಿ ಹೋಗಿ. ಮ್ಯಾರಥಾನ್ ಊರಿನಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಿ, ಅಲ್ಲಿಂದ ಉದ್ಯಾನದ ಕೇಂದ್ರವಾದ ಪ್ಯಾಂಥರ್ ಜಂಕ್ಷನ್‌ವರೆಗೆ ಸುಮಾರು 70 ಮೈಲಿ ಏನೂ ಸಿಗುವುದಿಲ್ಲ. ಗಾಡಿ ಎಳೆಯುವಾಗ ನನ್ನ ಟ್ರಕ್ ಕೊಡುವುದು ಗ್ಯಾಲನ್‌ಗೆ ಎಂಟು ಮೈಲಿ, ಎದುರುಗಾಳಿ ಇದ್ದರೆ ಏಳು.

ಭಾವಮೈದ ಹೋದ ತಿಂಗಳು ತನಗೂ ಒಂದು ನೋಡಿಕೊಡಿ ಎಂದ. ಟ್ರಕ್‌ನ ಹಳದಿ ಚೀಟಿಯ ಫೋಟೋ ಕಳಿಸಲು ಹೇಳಿದ್ದೇನೆ. ಟೆಕ್ಸಾಸ್‌ನಲ್ಲಿ ನವೆಂಬರ್‌ನಿಂದ ಜನವರಿಯೊಳಗೆ ಹುಡುಕಬೇಕು, ಮಾರ್ಚ್ ಬಂತೆಂದರೆ ಇದೇ ಗಾಡಿಗೆ ಮೂರು ನಾಲ್ಕು ಸಾವಿರ ಹೆಚ್ಚು ಕೇಳುತ್ತಾರೆ.