ಅಕಗೆರಾದ ಬೇಲಿ: ಕಾಡು ಕಾಯುವ ಕೆಲಸದಲ್ಲಿ ನನ್ನ ಅನುಭವ

ರುವಾಂಡಾದ ಪೂರ್ವ ಅಂಚಿನಲ್ಲಿ, ಟಾಂಜಾನಿಯಾ ಗಡಿಗೆ ಅಂಟಿಕೊಂಡು ಅಕಗೆರಾ ರಾಷ್ಟ್ರೀಯ ಉದ್ಯಾನವಿದೆ. ಅದರ ಪೂರ್ವಕ್ಕೆ ಕಗೆರಾ ನದಿ, ಇಹೇಮಾದಂಥ ಸಾಲು ಸರೋವರಗಳು, ಆಳೆತ್ತರದ ಪಪೈರಸ್ ಜೊಂಡು. ಆ ಕಡೆ ನೀರೇ ಕಾವಲು. ಪಶ್ಚಿಮಕ್ಕೆ ಮಾತ್ರ ಊರು, ಹೊಲ, ದನದ ಕೊಟ್ಟಿಗೆ. ಆ ಬದಿಗೆ ಸುಮಾರು 120 ಕಿಲೋಮೀಟರ್ ಉದ್ದದ ಸೋಲಾರ್ ಬೇಲಿ 2013ರಲ್ಲಿ ಪೂರ್ತಿಯಾಯಿತು. ಅದರ ನಿರ್ವಹಣೆಯಲ್ಲಿ ನಾನು ಕೆಲವು ವರ್ಷ ದುಡಿದೆ. ಅದಕ್ಕೂ ಮುಂಚೆ ಎಚ್.ಡಿ. ಕೋಟೆ, ಗುಂಡ್ಲುಪೇಟೆ ಕಡೆ ಕಾಡಂಚಿನ ಹೊಲಗಳಿಗೆ ಸೋಲಾರ್ ಬೇಲಿ ಹಾಕಿಕೊಡುತ್ತಿದ್ದೆ.

ಆಫ್ರಿಕಾದಲ್ಲಿ ಕಾಡು ಕಾಯುವುದು ಅಂದರೆ ಬಂದೂಕು ಹಿಡಿದ ರೇಂಜರ್, ಹೆಲಿಕಾಪ್ಟರ್, ಮೂಸಿ ಹಿಡಿಯುವ ನಾಯಿಗಳು ಕಣ್ಣಮುಂದೆ ಬರುತ್ತವೆ. ಅಕಗೆರಾದಲ್ಲಿ ಅವೆಲ್ಲ ಇವೆ, ಬೇಕು ಕೂಡ. ಆದರೆ ಅಲ್ಲಿಗೆ ಸಿಂಹ ವಾಪಸ್ ಬಂದು ಉಳಿದದ್ದು ಬೇಲಿಯ ಗುಂಟ ದಿನಾ ನಡೆದವರಿಂದ. ಅವರ ಬಗ್ಗೆ ಯಾರೂ ಬರೆಯುವುದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸ್ವಲ್ಪ ಹಿಂದಿನದು ಹೇಳಬೇಕು. ಈ ಉದ್ಯಾನ ಆಗಿದ್ದು 1934ರಲ್ಲಿ. 1994ರ ನರಮೇಧದ ನಂತರ, ದಶಕಗಳ ಹಿಂದೆ ದೇಶ ಬಿಟ್ಟಿದ್ದವರು ತಮ್ಮ ದನಗಳನ್ನು ಹೊಡೆದುಕೊಂಡು ವಾಪಸ್ ಬಂದರು. ಅವರಿಗೆ ನೆಲೆ ಬೇಕಿತ್ತು. 1997ರಲ್ಲಿ ಉದ್ಯಾನದ ಅರ್ಧಕ್ಕಿಂತ ಹೆಚ್ಚು ಭೂಮಿ ಅವರ ಪಾಲಿಗೆ ಹೋಯಿತು. ಉಳಿದದ್ದು ಸುಮಾರು 1,120 ಚದರ ಕಿಲೋಮೀಟರ್. ಅದರೊಳಗೂ ದನ ಮೇಯುತ್ತಿದ್ದವು. ದನ ಹಿಡಿದ ಸಿಂಹಕ್ಕೆ ವಿಷ ಬಿತ್ತು, ಕೆಲವೇ ವರ್ಷಗಳಲ್ಲಿ ಒಂದೂ ಉಳಿಯಲಿಲ್ಲ. ಕಪ್ಪು ಘೇಂಡಾಮೃಗ ಕೊನೆಯದಾಗಿ ಕಂಡಿದ್ದು 2007ರಲ್ಲಿ. ಎಲ್ಲವನ್ನೂ ಕಳೆದುಕೊಂಡು ಬಂದವರಿಗೆ ಅವರ ದನವೇ ಆಸ್ತಿ, ಅವರನ್ನು ದೂಷಿಸಲು ನನ್ನ ಬಾಯಿ ಬರುವುದಿಲ್ಲ.

2010ರಲ್ಲಿ ಸರ್ಕಾರದ ರುವಾಂಡಾ ಅಭಿವೃದ್ಧಿ ಮಂಡಳಿಯೂ ಆಫ್ರಿಕನ್ ಪಾರ್ಕ್ಸ್ ಸಂಸ್ಥೆಯೂ ಕೂಡಿ ಉದ್ಯಾನದ ಆಡಳಿತ ಹೊತ್ತವು. ಅವರು ಇಟ್ಟ ಹೆಜ್ಜೆಗಳ ಕ್ರಮ ನನಗೆ ತುಂಬಾ ಮೆಚ್ಚುಗೆ. ಬೇಲಿ ಮೊದಲು, ಸಿಂಹ ಆಮೇಲೆ. 2015ರಲ್ಲಿ ದಕ್ಷಿಣ ಆಫ್ರಿಕಾದಿಂದ ಏಳು ಸಿಂಹ ಬಂದವು. ಒಂದೇ ರಕ್ತ ಬೆಳೆಯದಿರಲಿ ಎಂದು 2017ರಲ್ಲಿ ಇನ್ನೆರಡು ಗಂಡು ಬಂದವು. ಅದೇ ವರ್ಷ 18 ಕಪ್ಪು ಘೇಂಡಾಮೃಗ, 2019ರಲ್ಲಿ ಯುರೋಪಿನ ಮೃಗಾಲಯಗಳಲ್ಲಿ ಬೆಳೆದ ಐದು, 2021ರಲ್ಲಿ 30 ಬಿಳಿ ಘೇಂಡಾಮೃಗ ವಿಮಾನದಲ್ಲಿ ಬಂದಿಳಿದವು. ಮೊದಲು ಪ್ರಾಣಿ ತಂದು ಆಮೇಲೆ ಕಾವಲು ಯೋಚಿಸಿದ್ದರೆ ಮತ್ತೆ ವಿಷವೇ ಬೀಳುತ್ತಿತ್ತು.

ಇನ್ನು ನನ್ನ ಕೆಲಸಕ್ಕೆ ಬರುತ್ತೇನೆ. ಸೋಲಾರ್ ಬೇಲಿಯ ತಂತಿಯಲ್ಲಿ ಕರೆಂಟ್ ಸದಾ ಹರಿಯುವುದಿಲ್ಲ. ಎನರ್ಜೈಸರ್ ಎಂಬ ಪೆಟ್ಟಿಗೆ ಸುಮಾರು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ಆರೇಳು ಸಾವಿರ ವೋಲ್ಟಿನ ಒಂದು ಝಟಕಾ ಬಿಡುತ್ತದೆ. ಮುಟ್ಟಿದ ಪ್ರಾಣಿಗೆ ಜೋರು ನೋವಾಗುತ್ತದೆ, ಬಿಡಿಸಿಕೊಳ್ಳಲು ಸಮಯವೂ ಸಿಗುತ್ತದೆ. ನಮ್ಮ ಕಡೆ ಕೆಲವರು ಕಂಬದಿಂದ ನೇರ ಕರೆಂಟ್ ಎಳೆದು ಬೇಲಿಗೆ ಕೊಟ್ಟು ಆನೆಗಳನ್ನು ಕೊಲ್ಲುತ್ತಾರಲ್ಲ, ಅದನ್ನೂ ಇದನ್ನೂ ಒಂದೇ ಬಾಯಲ್ಲಿ ಹೇಳಬಾರದು. ಸೋಲಾರ್ ಬೇಲಿ ಪ್ರಾಣಿಗೆ ಕಲಿಸುತ್ತದೆ, ಇನ್ನೊಂದು ಕೊಲ್ಲುತ್ತದೆ.

ಕಲಿತ ಪ್ರಾಣಿ ಮತ್ತೆ ಮತ್ತೆ ಪರೀಕ್ಷೆ ಮಾಡಿ ನೋಡುತ್ತದೆ. ವೋಲ್ಟೇಜ್ ನಾಲ್ಕು ಸಾವಿರಕ್ಕಿಂತ ಕೆಳಗೆ ಇಳಿದ ಜಾಗವನ್ನು ಆನೆ ಪತ್ತೆ ಹಚ್ಚಿಬಿಡುತ್ತದೆ. ದಂತಕ್ಕೆ ಶಾಕ್ ಹೊಡೆಯುವುದಿಲ್ಲ ಅನ್ನುವುದು ಅದಕ್ಕೆ ಗೊತ್ತು, ದಂತದಲ್ಲೇ ತಂತಿ ಎತ್ತಿ ಕಿತ್ತುಹಾಕುತ್ತದೆ. ನಮ್ಮಲ್ಲಿ ಈ ಆಟ ಗಂಡಾನೆಯದು ಮಾತ್ರ. ಆಫ್ರಿಕಾದಲ್ಲಿ ಹೆಣ್ಣಾನೆಗೂ ದಂತವಿರುವುದರಿಂದ ಇಡೀ ಹಿಂಡಿಗೇ ಆ ವಿದ್ಯೆ ಬರುತ್ತದೆ. ಅದಕ್ಕೆ ಉಪಾಯವೆಂದರೆ ಬೇಲಿಯಿಂದ ಹೊರಚಾಚಿದ, ಕರೆಂಟ್ ಇರುವ ತಂತಿಯ ತುಂಡುಗಳು. ದಂತ ತಂತಿಗೆ ತಾಗುವ ಮೊದಲೇ ಸೊಂಡಿಲಿಗೋ ಎದೆಗೋ ಬಿಸಿ ಮುಟ್ಟಬೇಕು. ಈಗ ಕರ್ನಾಟಕದಲ್ಲಿ ಹಾಕುತ್ತಿರುವ ನೇತಾಡುವ ಸೋಲಾರ್ ಬೇಲಿಯ ತರ್ಕವೂ ಇದೇ.

ಆನೆಗಿಂತ ನನಗೆ ಹೆಚ್ಚು ಕಾಟ ಕೊಟ್ಟಿದ್ದು ವಾರ್ಟ್‌ಹಾಗ್, ಅಲ್ಲಿಯ ಕಾಡುಹಂದಿ. ಬೇಲಿಯ ಬುಡದಲ್ಲಿ ರಾತ್ರಿ ಬೆಳಗಾಗುವುದರೊಳಗೆ ಬಿಲ ತೋಡುತ್ತದೆ. ಅದು ತೋಡಿದ ದಾರಿಯಲ್ಲಿ ಕತ್ತೆಕಿರುಬ ನುಸುಳುತ್ತದೆ, ಚಿರತೆ ನುಸುಳುತ್ತದೆ. ಅದೇ ಬಿಲ ಅಗಲವಾದರೆ ಸಿಂಹವೂ ನುಸುಳಬಹುದು. ಹಾಗಾಗಿ ಬಿಲ ಕಂಡ ದಿನವೇ ಕಲ್ಲು ತುಂಬಿ, ಜಾಲರಿ ಮಡಚಿ ನೆಲಕ್ಕೆ ಮೊಳೆ ಹೊಡೆಯಲೇಬೇಕು, ನಾಳೆಗೆ ಬಿಡುವಂತಿಲ್ಲ.

ಇದನ್ನೆಲ್ಲ ನೋಡುವವರು ಬೇಲಿ ಕಾವಲುಗಾರರು. ನಾನು ಒಡನಾಡಿದವರೆಲ್ಲ ಬೇಲಿಯಾಚೆಯ ಊರುಗಳವರೇ, ಕಯೊಂಜಾ, ಗತ್ಸಿಬೊ, ನ್ಯಗತಾರೆ ಜಿಲ್ಲೆಗಳವರು. ಒಬ್ಬೊಬ್ಬರಿಗೆ ಬೇಲಿಯ ಒಂದೊಂದು ತುಂಡು. ಬೆಳಗ್ಗೆ ಹೊರಟು ತಮ್ಮ ಪಾಲನ್ನು ನಡೆದು, ಗುರುತು ಹಾಕಿದ ಕಂಬಗಳಲ್ಲಿ ವೋಲ್ಟೇಜ್ ಅಳೆದು ರೇಡಿಯೋದಲ್ಲಿ ಹೇಳಬೇಕು.

ಒಂದು ಬೆಳಗಿನದು ಹೇಳುತ್ತೇನೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಉತ್ತರದ ತುದಿಯಲ್ಲಿ ಒಂದು ತುಂಡಿನ ವೋಲ್ಟೇಜ್ ಅರ್ಧಕ್ಕೆ ಇಳಿದಿತ್ತು. ಅಲ್ಲಿ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು, ಎರಡು ಮಕ್ಕಳ ತಾಯಿ, ಮೀಟರ್ ಕೈಯಲ್ಲಿದ್ದರೂ ಅದನ್ನು ನೋಡುತ್ತಿರಲಿಲ್ಲ. ತಲೆ ಓರೆ ಮಾಡಿ ಕಿವಿಗೊಟ್ಟು ನಡೆಯುತ್ತಿದ್ದಳು. ಕರೆಂಟ್ ಎಲ್ಲಾದರೂ ಸೋರುತ್ತಿದ್ದರೆ ಆ ಜಾಗದಲ್ಲಿ ಟಕ್ ಟಕ್ ಎಂದು ಸಣ್ಣ ಸದ್ದಾಗುತ್ತದೆ. ಒಂದು ಕಂಬದ ಹತ್ತಿರ ನಿಂತಳು. ಗೆದ್ದಲು ರಾತ್ರೋರಾತ್ರಿ ಕಂಬದ ಗುಂಟ ಹಸಿ ಮಣ್ಣು ಮೆತ್ತಿಕೊಂಡು ಹೋಗಿ ಇನ್ಸುಲೇಟರನ್ನು ಮುಚ್ಚಿ ಕೆಳಗಿನ ತಂತಿಯನ್ನು ಮುಟ್ಟಿತ್ತು. ಇಡೀ ತುಂಡಿನ ಕರೆಂಟ್ ಆ ಅಂಗೈಯಗಲದ ಮಣ್ಣಿನಲ್ಲಿ ನೆಲಕ್ಕೆ ಇಳಿಯುತ್ತಿತ್ತು. ಅವಳು ರೇಡಿಯೋದಲ್ಲಿ ತಿಳಿಸಿ, ಆ ಭಾಗದ ಸ್ವಿಚ್ ಆರಿಸಿ, ಮಚ್ಚಿನ ಹಿಂಬದಿಯಿಂದ ಮಣ್ಣು ಕೆರೆದು, ಇನ್ಸುಲೇಟರನ್ನು ಒಣಬಟ್ಟೆಯಲ್ಲಿ ಒರೆಸಿ, ಮತ್ತೆ ಸ್ವಿಚ್ ಹಾಕಿದಳು. ಮೀಟರಿನ ಅಂಕಿ ಏರಿತು. ಕಂಟ್ರೋಲ್ ರೂಮಿನಲ್ಲಿ ಎಷ್ಟು ದುಬಾರಿ ಅಲಾರಂ ಇದ್ದರೂ ಅದು 'ಈ ತುಂಡಿನಲ್ಲಿ ಏನೋ ಆಗಿದೆ' ಎನ್ನುತ್ತದೆ ಅಷ್ಟೆ. ಯಾವ ಕಂಬ, ಯಾಕೆ ಎಂದು ಹೇಳುವುದು ಇವಳ ಕಿವಿ.

ಬೇಲಿಯ ದಾರಿಯಲ್ಲಿ ಹುಲ್ಲು ಕಡಿಯುವುದು ಇನ್ನೊಂದು ಮುಗಿಯದ ಕೆಲಸ. ಮಳೆಗಾಲದಲ್ಲಿ ಒಂದೊಂದು ಹಸಿ ಎಳೆಯೂ ಕೆಳತಂತಿಗೆ ತಾಗಿ ಒಂದಿಷ್ಟು ಕರೆಂಟ್ ಕುಡಿಯುತ್ತದೆ. ಬೇಸಿಗೆಯಲ್ಲಿ ಉಲ್ಟಾ: ನೆಲ ಒಣಗಿ ಅರ್ಥಿಂಗ್, ಅಂದರೆ ಕರೆಂಟ್ ನೆಲದ ಮೂಲಕ ಪೆಟ್ಟಿಗೆಗೆ ವಾಪಸ್ ಹೋಗುವ ದಾರಿ, ಕೆಲಸ ಮಾಡುವುದಿಲ್ಲ, ಒಣ ನೆಲದ ಮೇಲೆ ನಿಂತ ಪ್ರಾಣಿಗೆ ಶಾಕೇ ಹತ್ತುವುದಿಲ್ಲ. ಅದಕ್ಕೆ ಕರೆಂಟ್ ತಂತಿಗಳ ನಡುವೆ ಅರ್ಥ್ ತಂತಿಯನ್ನೂ ಎಳೆಯಬೇಕು, ಎರಡನ್ನೂ ಒಟ್ಟಿಗೆ ಮುಟ್ಟಿದ ಪ್ರಾಣಿಗೆ ಪೂರಾ ಝಟಕಾ ಸಿಗುತ್ತದೆ. ಎಚ್.ಡಿ. ಕೋಟೆಯ ಕೆಂಪುಮಣ್ಣಿನಲ್ಲಿ ಕಲಿತಿದ್ದ ಈ ಪಾಠ ಅಲ್ಲಿಯ ಕೆಂಪುಮಣ್ಣಿನಲ್ಲಿ ಹಾಗೇ ಉಪಯೋಗಕ್ಕೆ ಬಂತು.

ನಡೆಯುವವರ ಕಣ್ಣಿಗೆ ಬೀಳುವುದು ಬರೀ ತಂತಿಯಲ್ಲ. ಹೆಜ್ಜೆಗುರುತು, ಮುರಿದ ರೆಂಬೆ, ತುಂಡಾದ ತಂತಿ. ಅಲ್ಲಿ ಬೇಟೆಯ ದೊಡ್ಡ ಪಾಲು ಮಾಂಸಕ್ಕಾಗಿ ಇಡುವ ಉರುಳು. ಉರುಳಿಗೆ ಬೇಕಾದ ತಂತಿ ಬೇಲಿಯಲ್ಲೇ ಸಿಗುತ್ತದೆ ಅನ್ನುವುದೇ ಸಂಕಟ. ಕದ್ದ ಒಂದೆರಡು ಮಾರು ತಂತಿ ಇಂಪಾಲಾ ಜಿಂಕೆಯ ಕುತ್ತಿಗೆಗೆ ಬೀಳುತ್ತದೆ, ಅಥವಾ ಅದರ ಬೆನ್ನು ಹತ್ತಿದ ಸಿಂಹದ ಕಾಲಿಗೆ. ಹಾಗಾಗಿ ತಂತಿ ತುಂಡಾದ ಕಡೆ ಎರಡೂ ತುದಿ ನೋಡಬೇಕು. ಆನೆ ಕಿತ್ತಿದ್ದರೆ ತುದಿ ಎಳೆದು ಸಣ್ಣಗಾಗಿರುತ್ತದೆ, ಕಟಿಂಗ್ ಪ್ಲೇಯರ್ ಹಾಕಿದ್ದರೆ ಚಪ್ಪಟೆಯಾಗಿರುತ್ತದೆ. ಚಪ್ಪಟೆ ತುದಿ ಕಂಡರೆ ನಾಯಿದಳಕ್ಕೆ ಕರೆ ಹೋಗುತ್ತದೆ, ವಾಸನೆ ಆರುವ ಮುಂಚೆ.

ಊರವರು ಇದಕ್ಕೆ ಜೊತೆಯಾಗದಿದ್ದರೆ ಏನೂ ನಿಲ್ಲುತ್ತಿರಲಿಲ್ಲ. ಬೇಲಿ ಬಂದ ಮೇಲೆ ಅವರ ಮೆಕ್ಕೆಜೋಳ, ಬೀನ್ಸ್, ಬಾಳೆಗೆ ನುಗ್ಗುವ ಆನೆ, ಕಾಡೆಮ್ಮೆಗಳ ಕಾಟ ಬಹಳ ತಗ್ಗಿತು, ಅದೇ ಅವರಿಗೆ ಮೊದಲ ಲಾಭ. ರಾಷ್ಟ್ರೀಯ ಉದ್ಯಾನಗಳ ಪ್ರವಾಸೋದ್ಯಮದ ವರಮಾನದಲ್ಲಿ ಶೇ. 10ರಷ್ಟು ಸುತ್ತಲಿನ ಊರುಗಳಿಗೆ ಹೋಗುತ್ತದೆ. ಮೊದಲು ಶೇ. 5 ಇತ್ತು. ಆ ದುಡ್ಡಿನಲ್ಲಿ ಶಾಲೆ ಕೊಠಡಿ, ನೀರು, ಆಸ್ಪತ್ರೆ ಕಟ್ಟಡ ಆಗುತ್ತವೆ. ತಿಂಗಳ ಕೊನೆಯ ಶನಿವಾರ ದೇಶದಲ್ಲೆಲ್ಲ ಉಮುಗಂಡಾ, ಅಂದರೆ ಊರಿಗೆ ಊರೇ ಸೇರಿ ಮಾಡುವ ಶ್ರಮದಾನ. ನಾವೂ ಗುದ್ದಲಿ ಹಿಡಿದು ಹೋಗುತ್ತಿದ್ದೆವು. ಎಲ್ಲಿ ಯಾರು ತಂತಿ ಮಾರುತ್ತಿದ್ದಾರೆ ಅನ್ನುವ ಸುದ್ದಿ ಅಂಥ ಕಡೆ ಮಣ್ಣು ಹೊರುವಾಗಲೇ ಕಿವಿಗೆ ಬೀಳುತ್ತಿತ್ತು.

ಈಗ ಊರಿಗೆ ಬಂದಾಗ ಬಂಡೀಪುರ, ನಾಗರಹೊಳೆಗಳ ಸುತ್ತಲೂ ಇಂಥದೇ ಬೇಲಿ ಹಾಕಿಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಬೇಡ ಎಂದೇ ನನ್ನ ಉತ್ತರ. ರುವಾಂಡಾದಲ್ಲಿ ಚದರ ಕಿಲೋಮೀಟರಿಗೆ 500ಕ್ಕೂ ಹೆಚ್ಚು ಜನ. ಅಕಗೆರಾದ ಪಶ್ಚಿಮಕ್ಕೆ ಪ್ರಾಣಿ ಹೋಗಲು ಕಾಡೇ ಉಳಿದಿಲ್ಲ. ಮುಚ್ಚಿದ ಕಾಡಿನಲ್ಲಿ ಸಿಂಹದ ಸಂತತಿಯನ್ನೂ ಮನುಷ್ಯನೇ ಲೆಕ್ಕ ಇಟ್ಟು ಹೊಸ ರಕ್ತ ತರಬೇಕಾಗುತ್ತದೆ. ನಮ್ಮ ಆನೆಗಳಿಗೆ ಬಂಡೀಪುರದಿಂದ ಮುದುಮಲೆ, ವಯನಾಡು ಕಡೆಗೆ ಇನ್ನೂ ದಾರಿ ಇದೆ. ಆ ದಾರಿ ಮುಚ್ಚದಂತೆ, ಹೊಲ ಮತ್ತು ಕಾಡು ಎದುರುಬದುರಾಗುವ ಜಾಗದಲ್ಲಷ್ಟೇ ಬೇಲಿ ಬರಬೇಕು. ಅಲ್ಲಿ ಹಾಕಿಸುವವರು ಅಂದಾಜುಪಟ್ಟಿಯಲ್ಲಿ ತಂತಿ, ಕಂಬ, ಬ್ಯಾಟರಿ ಬರೆಯುವುದಕ್ಕೂ ಮುಂಚೆ, ಹುಲ್ಲು ಕಡಿಯುವವರ ಮತ್ತು ದಿನಾ ನಡೆಯುವವರ ಐದು ವರ್ಷದ ಸಂಬಳವನ್ನು ಮೊದಲ ಸಾಲಿನಲ್ಲಿ ಬರೆಯಲಿ. ಆ ಕೆಲಸ ಅದೇ ಊರಿನ ಹುಡುಗ ಹುಡುಗಿಯರಿಗೆ ಸಿಗಲಿ.