ಸ್ವಿಟ್ಜರ್ಲೆಂಡಿನ ವಿಸ್ಪ್ ಪಟ್ಟಣದ ಮೇಲಿನ ಹಳ್ಳಿಗಳಿಗೆ ಮನೆ ಮಾಡ್ಕೊಂಡು ಬರ್ತಿರೋರಿಗೆ

ಕೆಳಗೆ ವಿಸ್ಪ್‌ನ ಲೋಂಜಾ ಔಷಧ ಕಂಪನೀಲಿ ಕೆಲಸ, ಬಾಲ್ಕನಿಯಿಂದ ಹಿಮ ಕಾಣತ್ತೆ ಅಂತ ಮೇಲೆ ವಿಸ್ಪರ್‌ಟರ್ಮಿನೆನ್ ಕಡೆ ಮನೆ ಹಿಡಿದಿದ್ದೀರಿ, ಸಂತೋಷ. ನಾವೂ ಹಾಗೇ ಬಂದೋರು.

ಕಾಗದಪತ್ರ:
- 14 ದಿನದೊಳಗೆ ಗೆಮೈಂಡೆಯಲ್ಲಿ (ಇಲ್ಲಿನ ಪಂಚಾಯ್ತಿ ಆಫೀಸು) ಹೆಸರು ಬರೆಸಿ
- 3 ತಿಂಗಳೊಳಗೆ ಹೆಲ್ತ್ ಇನ್ಶೂರೆನ್ಸ್. ಕೊನೇ ವಾರ ಮಾಡಿಸಿದ್ರೂ ಬಂದ ದಿನದಿಂದಲೇ ದುಡ್ಡು ಕಟ್ಬೇಕು, ಜಾಣತನ ಬೇಡ
- ಆಂಬ್ಯುಲೆನ್ಸ್, ಬೆಟ್ಟದಲ್ಲಿ ಸಿಕ್ಕಾಕ್ಕೊಂಡ್ರೆ ಹೆಲಿಕಾಪ್ಟರ್, ಎರಡಕ್ಕೂ 144

ಕಸ. ದಯವಿಟ್ಟು ಇದನ್ನ ಎರಡು ಸಲ ಓದಿ. ಬೆಲೆಯಲ್ಲೇ ಕಸದ ಟ್ಯಾಕ್ಸ್ ಸೇರಿರೋ ಚೀಲದಲ್ಲೇ ಹಾಕ್ಬೇಕು, ಅಂಗಡೀಲಿ ಕೌಂಟರ್ ಹತ್ರ ಕೇಳಿ. ನಾವು ಮೊದಲ ವಾರ ಊರಿಂದ ತಂದಿದ್ದ ಕಪ್ಪು ಕವರ್‌ನಲ್ಲಿ ಕಟ್ಟಿ ರಾತ್ರಿ ಇಟ್ಟು ಬಂದ್ವಿ, ಬೆಳಿಗ್ಗೆ ಬಾಗಿಲು ತೆಗೆದ್ರೆ ಅದೇ ಕವರ್ ಹೊಸಿಲ ಮುಂದೆ ಕೂತಿದೆ, ಮೇಲ್ಗಡೆ ನಮ್ಮ ಹೆಸರಿರೋ ಲಕೋಟೆ, ಅದಕ್ಕಂಟಿದ ಕಾಫಿ ಚರಟ. ಯಾರೂ ಒಂದು ಮಾತು ಆಡ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು! ಗಾಜು, ಪೇಪರ್, ಅಲ್ಯೂಮಿನಿಯಂ ಬೇರೆ ಬೇರೆ, ಭಾನುವಾರ ಬಾಟಲಿ ಹಾಕೋ ಹಾಗೂ ಇಲ್ಲ, ಸದ್ದಾಗತ್ತೆ. ಒಬ್ಬರು ತಪ್ಪು ಮಾಡಿದ್ರೆ ಎಲ್ಲಾ ಇಂಡಿಯಾದೋರ ಮೇಲೆ ಬರತ್ತೆ, ನೆನಪಿರ್ಲಿ.

ಅಡುಗೆ. ಊರು ಸುಮಾರು 1,350 ಮೀಟರ್ ಎತ್ತರ, ನೀರು 95-96 ಡಿಗ್ರಿಗೇ ಕುದಿಯತ್ತೆ, ತೊಗರಿಬೇಳೆ ಪಾತ್ರೇಲಿ ಇಟ್ರೆ ಸಾಯಂಕಾಲದವರೆಗೂ ಬೇಯಲ್ಲ. ಕುಕ್ಕರ್ ತನ್ನಿ, ಆದ್ರೆ ಇಂಡಕ್ಷನ್ ತಳ ಇರೋದು. ಇಡ್ಲಿ ಹಿಟ್ಟನ್ನ ಅವನ್ ಒಳಗೆ ಲೈಟ್ ಮಾತ್ರ ಹಾಕಿ ಇಡಿ, ಉಬ್ಬತ್ತೆ.

ಮಕ್ಕಳು. ಕಿಂಡರ್‌ಗಾರ್ಟನ್ ಮಗು ಕೂಡ ಕತ್ತಿಗೆ ಹೊಳೆಯೋ ಪಟ್ಟಿ ಹಾಕ್ಕೊಂಡು ಒಂದೇ ನಡ್ಕೊಂಡು ಹೋಗತ್ತೆ. ಕೈ ಹಿಡ್ಕೊಂಡು ಹೋಗೋ ಅಪ್ಪ ನಾನೊಬ್ಬನೇ ಆಗಿದ್ದೆ. ಆಮೇಲೆ ಬಿಟ್ಟೆ, ಬಿಟ್ಟೆ ಅಂದ್ರೆ ಒಂದು ತಿಂಗಳು ಹಳೇ ಕಣಜದ ಹಿಂದೆ ನಿಂತು ನೋಡ್ತಿದ್ದೆ, ಬಿಸಿಲಿಗೆ ಕಪ್ಪಾದ ಲಾರ್ಚ್ ಮರದ್ದು, ಇಲಿ ಹತ್ತಬಾರ್ದು ಅಂತ ಕಾಲಿನ ಮೇಲೆ ದುಂಡು ಚಪ್ಪಡಿ ಇಟ್ಟಿರ್ತಾರಲ್ಲ, ಅದು. ಮಗಳಿಗೆ ಗೊತ್ತಿತ್ತಂತೆ.

ರಸ್ತೆ: ತಿರುವಲ್ಲಿ ಮೂರು ಸ್ವರದ ಹಾರ್ನ್ ಕೇಳಿದ್ರೆ ಹಳದಿ ಪೋಸ್ಟ್ ಬಸ್ಸು. ಡ್ರೈವರ್ ರಿವರ್ಸ್ ತಗೋ ಅಂದ್ರೆ ತಗೊಳ್ಳಿ, ವಾದ ಬೇಡ. ಸಂಜೆ ಕೊನೇ ಬಸ್ಸಿನ ಟೈಮ್ ಫೋನಲ್ಲಿ ಇರ್ಲಿ.

ದಾರೀಲಿ ಸಿಕ್ಕೋರಿಗೆಲ್ಲ ನಮಸ್ಕಾರ ಹೇಳಿ, ಬೆಂಗಳೂರಲ್ಲಿ ಪಕ್ಕದ ಫ್ಲಾಟ್‌ನೋರನ್ನ ನೋಡದೆ ಇದ್ದ ಹಾಗೆ ಇಲ್ಲಿ ನಡೆಯಲ್ಲ. ಭಾನುವಾರ ಅಂಗಡಿ ಇಲ್ಲ, ಶನಿವಾರವೇ ಹಾಲು ಮೊಸರು. ಅಕ್ಟೋಬರ್ ಬರ್ತಿದ್ದ ಹಾಗೆ ಕರಿಬೇವಿನ ಗಿಡ ಒಳಗೆ ತಗೊಳ್ಳಿ, ನಮ್ಮ ಬಳಗದಲ್ಲಿ ಈಗಾಗ್ಲೇ ಮೂರು ಗಿಡ ಹೋಗಿದೆ, ಉಳಿದಿರೋದು ಒಂದೇ, ಎಲೆ ಕೇಳೋಕೆ ಎಲ್ಲರೂ ಅವರ ಮನೆಗೇ ಹೋಗ್ತಿದ್ದೀವಿ.